ನನ್ನ ಪಡಸಾಲೆಯಲ್ಲಿ ಹಾದುಹೋಗುವ ಟಗರಿಗೆ ಒಂದು ತಕರಾರು ಅರ್ಜಿ

ಇವರಿಗೆ,
ಟಗರು ಸಾಹೇಬರು,
ಹಾಲಸಿದ್ದಪ್ಪನವರ ಕುರಿಹಿಂಡಿನ ಮುಂದಾಳುಗಳು,
ಮಳೆಗಾಲದಲ್ಲಿ ಮುಕ್ಕಾಂ ಲಕ್ಕಲಕಟ್ಟಿ, ಬೇಸಿಗೆಯಲ್ಲಿ ಹೊಳೆಆಲೂರು ಮತ್ತು ಕೊಣ್ಣೂರಿನ ನಡುವೆ ಹಸಿರು ಕಂಡಲ್ಲಿ.

ವಿಷಯ: ಪ್ಲಾಟ್ ನಂಬರ್ ನಲವತ್ತೊಂದರ ಅಂಗಳದಲ್ಲಿ ತಾವು ಬಂಧುಬಳಗ ಸಮೇತ ಹಾದುಹೋದ ಬಗ್ಗೆ.
ಉಲ್ಲೇಖ: ನನ್ನ ಗೇಟಿಗೆ ತಾವು ಹಾಕಿದ ಮೂರು ಗುದ್ದುಗಳು.

ಮಾನ್ಯರೇ,

ಎರಡು ಸುತ್ತು ತಿರುಗಿದ ತಮ್ಮ ಕೊಂಬುಗಳಿಗೆ ಮೊದಲ ಸಲಾಮು, ನಾಲ್ಕು ಗೊರಸುಗಳಿಗೆ ತಲಾ ಒಂದೊಂದು, ಕೊರಳಿನ ಹಿತ್ತಾಳೆ ಗಂಟೆಗೆ ಇನ್ನೊಂದು. ತಮ್ಮ ಹಿಂದೆ ನಡೆಯುವ ಮುನ್ನೂರು ಬಂಧುಗಳೂ, ಈ ಬೇಸಿಗೆಯಲ್ಲಿ ಹುಟ್ಟಿರಬಹುದಾದ ಮರಿಗಳೂ ಹೊಳೆಯ ದಂಡೆಯಲ್ಲಿ ಕ್ಷೇಮವಾಗಿದ್ದಾರೆಂದು ನಂಬಿ ಈ ಪತ್ರ ಬರೆಯುತ್ತಿದ್ದೇನೆ. ತಾವು ಓದುಬರಹ ಕಲಿತವರಲ್ಲವೆಂಬುದು ನನಗೆ ಗೊತ್ತು. ಆದರೆ ಓದುಬರಹ ಕಲಿತವರಿಗೆ ನೀರಿನ ನಳಕ್ಕಾಗಿ ಈ ಮೊದಲು ಬರೆದ ಹನ್ನೊಂದು ಅರ್ಜಿಗಳಲ್ಲಿ ಒಂದಕ್ಕೂ ಉತ್ತರ ಬಂದಿಲ್ಲವಾದ್ದರಿಂದ, ಆ ಅರ್ಹತೆಯನ್ನು ನಾನೀಗ ಅಷ್ಟು ದೊಡ್ಡದಾಗಿ ಎಣಿಸುವುದಿಲ್ಲ. ಬಹಿರಂಗವಾಗಿ ಏಕೆ ಬರೆಯುತ್ತಿದ್ದೇನೆಂದರೆ, ಒಂದು ವೇಳೆ ತಾವು ಕಾಗದವನ್ನು ತಿಂದುಬಿಟ್ಟರೂ ಊರವರಾದರೂ ಇದನ್ನು ಓದಲಿ ಎಂದು.

ನನ್ನ ಹೆಸರು ಅಬ್ದುಲಗನಿ. ರೋಣ, ನರಗುಂದ, ಗಜೇಂದ್ರಗಡದ ಸೀಮೆಯಲ್ಲಿ ಮೂವತ್ತನಾಲ್ಕು ವರ್ಷ ಮೋಜಣಿದಾರನಾಗಿ, ಅಂದರೆ ಮೂವತ್ತಮೂರು ಫೂಟಿನ ಕಬ್ಬಿಣದ ಸರಪಳಿ ಎಳೆದು ಜನರ ಹೊಲಗಳ ಎಲ್ಲೆ ತೋರಿಸುವ ಸರ್ಕಾರಿ ನೌಕರನಾಗಿ, ದುಡಿದು ನಿವೃತ್ತನಾದವನು. ಅಣ್ಣತಮ್ಮಂದಿರ ಬದುವಿನ ಜಗಳದಲ್ಲಿ ನಾನು ಕಲ್ಲು ನೆಟ್ಟರೆ ಅದೇ ಕೊನೆ ಎನ್ನುತ್ತಿದ್ದ ಕಾಲವೊಂದಿತ್ತು. ಈಗ ಐರಾವತ ಮೆಟ್ರೊ ಸಿಟಿಯ ನಿವಾಸಿಯಾಗಿದ್ದೇನೆ. ನಿವಾಸಿಗಳಲ್ಲಿ ಒಬ್ಬ ಎಂದು ಬರೆಯಬೇಕೆಂದಿದ್ದೆ, ಆದರೆ ಇನ್ನೊಬ್ಬರು ಇಲ್ಲ.

ತಾವು ಈ ಮಹಾನಗರವನ್ನು ಹಲವು ಸಲ ಹಾದುಹೋಗಿದ್ದರೂ ಅದರ ಹಿರಿಮೆಯನ್ನು ಗಮನಿಸಿರಲಿಕ್ಕಿಲ್ಲ. ತಮ್ಮ ದೃಷ್ಟಿ ಸದಾ ನೆಲದ ಮೇಲೆ. ಗಜೇಂದ್ರಗಡದಿಂದ ರೋಣದ ಕಡೆ ನಾಲ್ಕು ಕಿಲೋಮೀಟರು ಬಂದರೆ ಎರೆಹೊಲಗಳ ನಡುವೆ ಎರಡು ಸಿಮೆಂಟಿನ ಆನೆಗಳು ಸೊಂಡಿಲೆತ್ತಿ ನಿಂತ ಒಂದು ಕಮಾನು ಕಾಣುತ್ತದಲ್ಲ, ಅದೇ ನಮ್ಮ ಹೆಬ್ಬಾಗಿಲು. ಮೆಟ್ರೊ ಇಲ್ಲ, ಸಿಟಿಯೂ ಇಲ್ಲ, ಕೈಮಾಡಿದರೆ ಬಸ್ಸು ಸಹ ನಿಲ್ಲುವುದಿಲ್ಲ. ನೂರಾ ಹನ್ನೆರಡು ಪ್ಲಾಟು, ನೂರಾ ಹನ್ನೆರಡು ಮಾಲಕರು, ಒಂದು ಮನೆ. ಉಳಿದ ನೂರಾ ಹನ್ನೊಂದು ಜನ ಹುಬ್ಬಳ್ಳಿ, ಗದಗ, ಬಾಗಲಕೋಟೆಗಳಲ್ಲಿ ಕುಳಿತು ರೇಟು ಏರುವುದನ್ನು ಕಾಯುತ್ತಿದ್ದಾರೆ, ಇಲ್ಲಿ ಅವರ ಪರವಾಗಿ ಬಳ್ಳಾರಿ ಜಾಲಿ ವಾಸಿಸುತ್ತಿದೆ. ಬಿಳಿಜೋಳ, ಕಡಲೆ ಬೆಳೆಯುತ್ತಿದ್ದ ಭೂಮಿಯ ಒಡ್ಡುಗಳನ್ನೆಲ್ಲ ಜೆಸಿಬಿಯಿಂದ ಕೆಡವಿ ಸಪಾಟು ಮಾಡಿದ್ದರಿಂದ, ಮಳೆ ನೀರು ಎಲ್ಲಿಗೆ ಹೋಗಬೇಕೆಂದು ತಿಳಿಯದೆ ನೇರವಾಗಿ ನಮ್ಮ ಮನೆಗೆ ಬಂದು ವಿಚಾರಿಸುತ್ತದೆ. ಬಣ್ಣದ ಪತ್ರಿಕೆಯಲ್ಲಿ ಉದ್ಯಾನವನ ಎಂದಿದ್ದ ಜಾಗಕ್ಕೆ ಊರ ಕಸದ ಟ್ರ್ಯಾಕ್ಟರುಗಳು ತಪ್ಪದೆ ಬರುತ್ತವೆ, ಅಲ್ಲಿ ಪ್ಲಾಸ್ಟಿಕ್ ಸುಡುವ ಹೊಗೆ ನಮ್ಮ ಅಡಿಗೆಮನೆಯ ಹೊಗೆಗಿಂತ ಮೊದಲು ಏಳುತ್ತದೆ. ಎರೆಮಣ್ಣು ಮಳೆಗೆ ಉಬ್ಬಿ ಬಿಸಿಲಿಗೆ ಬಿರಿಯುವ ಸ್ವಭಾವದ್ದಾದ್ದರಿಂದ ನಮ್ಮ ಹೊಸ ಗೋಡೆಗಳ ಮೇಲೆ ಒಂದೇ ಮಳೆಗಾಲ ಕಳೆಯುವಷ್ಟರಲ್ಲಿ ಕೃಷ್ಣೆ, ಮಲಪ್ರಭೆ, ಘಟಪ್ರಭೆಗಳ ಪೂರ್ಣ ನಕಾಶೆ ಮೂಡಿದೆ. ವಾಕಿಂಗ್ ಟ್ರ್ಯಾಕ್ ಇದೆ ಎಂದಿದ್ದರು. ನನ್ನ ಹೆಂಡತಿ ಮೈಮುನಬಿ ದಿನಕ್ಕೆ ಆರು ಸಲ ಕೊಡ ಹೊತ್ತು ಹೆದ್ದಾರಿಯ ಕೈಪಂಪಿಗೆ ಹೋಗಿಬರುವುದೇ ಅದು.

ಮೈಮುನಬಿಗೆ ನೀರಿಗಿಂತ ದೊಡ್ಡ ತಾಪತ್ರಯ ಬೇರೆ ಇದೆ. ಗಜೇಂದ್ರಗಡದ ಹಳೆಯ ಓಣಿಯಲ್ಲಿ ಅವಳಿಗೆ ಬೆಳಗಾದರೆ ಹತ್ತು ಬಾಗಿಲು. ಇಲ್ಲಿಗೆ ಬಂದ ಎರಡನೇ ವಾರ ಅವಳು ನನ್ನನ್ನು ಕೇಳಿದ್ದು ಇನ್ನೂ ಕಿವಿಯಲ್ಲಿದೆ: “ಓಣ್ಯಾಗ ಇದ್ದಾಗ ಕೊತಂಬರಿ ಇಲ್ಲಂದ್ರ ಗ್ವಾಡಿ ಮ್ಯಾಲಿಂದ ಕೈ ಚಾಚತಿದ್ದೆ. ಇಲ್ಲಿ ಯಾರ ಮುಂದ ಕೈ ಚಾಚ್ಲಿ, ಆ ಸಿಮೆಂಟಿನ ಆನಿ ಮುಂದನ?”

ಇಂಥ ಪ್ರಶಾಂತ ಮಹಾನಗರಕ್ಕೆ, ನನ್ನ ಮನೆ ಎದ್ದ ಮೇಲೆ ಮೊದಲ ಸಲ, ತಾವು ಹೋಳಿ ಹುಣ್ಣಿಮೆಯಾದ ನಾಲ್ಕನೇ ದಿನ, ಬೆಳಿಗ್ಗೆ ಹತ್ತರ ಸುಮಾರಿಗೆ, ಆನೆಗಳ ನಡುವಿನಿಂದ ಸವಾರಿ ಬಂದಿರಿ. ನಾಲ್ಕೂ ಕಡೆ ನಲವತ್ತು ಫೂಟಿನ ರಸ್ತೆಗಳಿದ್ದರೂ ಅವುಗಳ ಕಡೆ ಕಣ್ಣೆತ್ತಿಯೂ ನೋಡದೆ, ತುತ್ತತುದಿಯ ಮೂಲೆಯಲ್ಲಿರುವ ನನ್ನ ಮನೆಗೇ ಬಂದು, ಮೂರು ಗುದ್ದಿಗೆ ಗೇಟಿನ ಚಿಲಕ ಕಿತ್ತು, ಕೊಡದ ನೀರು ಕುಡಿಸಿ ಬೆಳೆಸಿದ ದಾಸವಾಳದ ಗಿಡವನ್ನು ದಂಟಿನ ಸಮೇತ ಸ್ವೀಕರಿಸಿ, ಕಟ್ಟೆ ಹತ್ತಿ, ಕಟ್ಟೆಯಿಂದ ಪಡಸಾಲೆಯ ಮೂಲೆ ತುಳಿದು, ಪಕ್ಕದ ಮೂರು ಫೂಟಿನ ಕಂಪೌಂಡು ಹಾರಿ ಆಚೆಯ ಹೊಲಕ್ಕೆ ಇಳಿದಿರಿ. ತಮ್ಮ ಹಿಂದೆ ನೂರೈವತ್ತು ಜನ ಅದೇ ಶಿಸ್ತಿನಲ್ಲಿ ಹತ್ತಿ, ತುಳಿದು, ಹಾರಿದರು. ಆಗ ನಾನು ಚಹಾದ ಕಪ್ಪು ಕೆಳಗಿಟ್ಟು, ಕೋಲು ಹಿಡಿದು ಅಡ್ಡ ನಿಂತೆ. ಅದರಿಂದ ಆದದ್ದೇನೆಂದರೆ ತಾಯಂದಿರು ಗೋಡೆಯ ಆಚೆ, ಮರಿಗಳು ಗೋಡೆಯ ಈಚೆ ಉಳಿದು, ಎರಡೂ ಕಡೆಯಿಂದ ಎದ್ದ ಕೂಗಿಗೆ ನನ್ನ ಕೋಲು ತಾನಾಗಿ ಕೆಳಗಿಳಿಯಿತು.

ತಮ್ಮ ಕಾರ್ಯದರ್ಶಿಗಳಾದ ಹಾಲಸಿದ್ದಪ್ಪ ಹಾಗೂ ಅವರ ಹೆಂಡತಿ ಹುಚ್ಚವ್ವ ಓಡಿಬಂದರು. ನಾನು ಕಾಯಿದೆ, ಖಾಸಗಿ ಆಸ್ತಿ, ಪೊಲೀಸು ಎಂದು ಮೂರು ಮಾತಾಡಿದೆ. ಹಾಲಸಿದ್ದಪ್ಪ ತಲೆಯ ಮೇಲಿನ ಕಂಬಳಿ ಸರಿಮಾಡಿಕೊಂಡು ಹೇಳಿದ್ದು ಇಷ್ಟು: “ಸಾಹೇಬ್ರ, ಈ ದಾರಿ ನಾ ಹಿಡದಿದ್ದಲ್ರಿ, ಟಗರ ಹಿಡದೈತಿ. ಅದರವ್ವ ಇದ ದಾರೀಲೆ ಹೋಗತಿತ್ತು, ಅವ್ವನವ್ವನೂ ಇದ ದಾರಿ. ನಾ ಬರೇ ಹಿಂದ ಬಡಿಗಿ ಹಿಡಕೊಂಡ ಬರಾಂವ. ನಿಮ್ಮ ಮನಿ ನಡುವ ಬಂದ ಕುಂತೈತಿ, ಅಷ್ಟ.” ಡಾಂಬರು ರಸ್ತೆ ಹಿಡಿದು ಹೋಗಬಹುದಲ್ಲ ಎಂದೆ. ಉತ್ತರ ಕೊಟ್ಟವರು ಹುಚ್ಚವ್ವ.

ಹೋದ ವರ್ಷ ಮುಂದಿನ ಹಾದಿಯಲ್ಲಿ ಇನ್ಯಾವುದೋ ಲೇಔಟಿನವರು ಇದೇ ರೀತಿ ದಾರಿ ಕಟ್ಟಿದಾಗ ಹಿಂಡು ಹೆದ್ದಾರಿಗೆ ಇಳಿಯಬೇಕಾಯಿತಂತೆ. ಲಾರಿಯೊಂದು ಹದಿನಾಲ್ಕು ಕುರಿಗಳನ್ನೂ, ಅವುಗಳನ್ನು ಬದಿಗೆ ಓಡಿಸಲು ಹೋದ ಹಾಲಸಿದ್ದಪ್ಪನ ತಮ್ಮ ಕರೆಪ್ಪನ ಬಲಗಾಲನ್ನೂ ತೆಗೆದುಕೊಂಡು ಹೋಯಿತು. ಮೊಣಕಾಲಿನಿಂದ ಕೆಳಗೆ ಏನೂ ಇಲ್ಲದ ಕರೆಪ್ಪ ಈಗ ಲಕ್ಕಲಕಟ್ಟಿಯಲ್ಲಿ ಕೂತು ಉಣ್ಣೆ ನೂಲುತ್ತಾನೆ. “ನಲವತ್ತ ವರ್ಷದ ಗಂಡಸರಿ, ಕೂಸಿನಂಗ ಎತ್ತಿ ಇಳಸಬೇಕು” ಎಂದು ಹುಚ್ಚವ್ವ ಹೇಳುವಾಗ ಅವರ ಕಣ್ಣಲ್ಲಿ ನೀರಿರಲಿಲ್ಲ, ಸಿಟ್ಟಿತ್ತು. ಈ ಮೂಲೆಯೂ ಮುಚ್ಚಿದರೆ ಗಜೇಂದ್ರಗಡದಿಂದ ರೋಣದವರೆಗೆ ತಮ್ಮ ಹಿಂಡಿಗೆ ಹೆದ್ದಾರಿ ಬಿಟ್ಟು ಬೇರೆ ಗತಿಯಿಲ್ಲ ಎಂಬುದು ಆಗ ನನಗೆ ತಿಳಿಯಿತು.

ಆದರೂ ನಾನು ಕಾಗದದ ಮನುಷ್ಯ. ದಾಖಲೆಯಿಲ್ಲದ ಕಣ್ಣೀರನ್ನೂ ದಾಖಲೆಯಿಲ್ಲದ ಸಿಟ್ಟನ್ನೂ ನಂಬಬಾರದೆಂದು ಕಲಿತವನು. ತಾವು ಅತಿಕ್ರಮಣಕಾರರೆಂದು ಅಳೆದು ತೋರಿಸಿಯೇ ಬಿಡುತ್ತೇನೆ, ಅಲ್ಲಿಯವರೆಗೆ ಖಾಲಿ ಪ್ಲಾಟುಗಳಲ್ಲಿ ಇರಿ ಎಂದು ಹಿಂಡನ್ನು ನಿಲ್ಲಿಸಿಕೊಂಡೆ. ಆಚೆ ಹೋದವರನ್ನೂ ಹಾಲಸಿದ್ದಪ್ಪ ಹಿಂದಕ್ಕೆ ಕರೆತಂದು ಮರಿಗಳಿಗೆ ಕೂಡಿಸಿದರು. ಎರಡು ದಿನ ಐರಾವತ ಮೆಟ್ರೊ ಸಿಟಿಯಲ್ಲಿ ಮೊದಲ ಬಾರಿಗೆ ಜನವಸತಿ ಕಾಣಿಸಿತು. ರೇಟು ಏರಲೆಂದು ಮಲಗಿದ್ದ ಭೂಮಿಗೆ ಗೊಬ್ಬರ ಬಿತ್ತು. ಮೈಮುನಬಿಯೂ ಹುಚ್ಚವ್ವನೂ ಕಟ್ಟೆಯ ಮೇಲೆ ಕೂತು, ಒಬ್ಬರ ರೊಟ್ಟಿ ಇನ್ನೊಬ್ಬರ ಪಲ್ಯಕ್ಕೆ ಹಚ್ಚಿಕೊಂಡು, ಎರಡು ಸಂಜೆ ಮಾತಾಡಿದರು. ನನ್ನ ಹೆಂಡತಿ ನಗುವುದನ್ನು ಈ ಮನೆಯಲ್ಲಿ ನಾನು ಕೇಳಿದ್ದು ಅದೇ ಮೊದಲು.

ಎರಡನೇ ದಿನ ನಾನು ಟ್ರಂಕಿನಿಂದ ಗ್ರಾಮ ನಕಾಶೆಯ ಪ್ರತಿ ತೆಗೆದೆ. ಸವೆದುಹೋಗಿದ್ದ ಮೂಲ ನಕಾಶೆಯನ್ನು ಇಪ್ಪತ್ತೆಂಟು ವರ್ಷಗಳ ಹಿಂದೆ ನಾನೇ ಕೂತು ಪಡಿಯಚ್ಚು ತೆಗೆದದ್ದು. ಅದರ ಮೂಲೆಯಲ್ಲಿ ನನ್ನದೇ ಸಹಿ. ಅದರಲ್ಲಿ ಜೋಡು ಚುಕ್ಕೆಗೆರೆಯಿತ್ತು. ಜೋಡು ಚುಕ್ಕೆಗೆರೆ ಎಂದರೆ ಬಂಡಿದಾರಿ, ದನಕರು ಕುರಿ ಎತ್ತಿನಬಂಡಿ ಯಾರೂ ಹೋಗಬಹುದಾದ ಊರ ದಾರಿ, ಅದನ್ನು ಮಾರಲಿಕ್ಕೂ ಬಾರದು, ಕೊಳ್ಳಲಿಕ್ಕೂ ಬಾರದು. ಸರಪಳಿ ಹೊರತೆಗೆದೆ. ಪಕ್ಕದ ಹೊಲದ ಎಲ್ಲೆ ತೋರುವ ಬಾಂದುಕಲ್ಲಿನಿಂದ ಅಳತೆ ಹಿಡಿದೆವು. ಒಂದು ತುದಿ ನನ್ನ ಕೈಯಲ್ಲಿ, ಇನ್ನೊಂದು ಹಾಲಸಿದ್ದಪ್ಪನ ಕೈಯಲ್ಲಿ. ನಮ್ಮ ಸರಪಳಿಗೆ ಹದಿನಾರಾಣೆ, ದಾರಿಯ ಅಗಲ ಎಂಟಾಣೆ, ಅಂದರೆ ಹದಿನಾರೂವರೆ ಫೂಟು. ಆ ಹದಿನಾರೂವರೆ ಫೂಟು ನನ್ನ ಗೇಟಿನಿಂದ ಒಳಬಂದು, ದಾಸವಾಳದ ಪಾತಿ, ಮೂರು ಮೆಟ್ಟಿಲು, ಕಟ್ಟೆ ಎಲ್ಲವನ್ನೂ ನುಂಗಿ, ಪಡಸಾಲೆಯ ಅರ್ಧವನ್ನು ಓರೆಯಾಗಿ ಕತ್ತರಿಸಿಕೊಂಡು ಕಂಪೌಂಡಿನ ಆಚೆ ಹೊರಬಿತ್ತು. ನಾನು ಚಹಾ ಕುಡಿಯುವ ಕುರ್ಚಿ ದಾರಿಯ ನಟ್ಟನಡುವೆ ಇತ್ತು. ಸರಪಳಿಯ ತುದಿ ಹೋಗಿ ಮುಟ್ಟಿದ ಜಾಗದಲ್ಲಿ ತಾವು ಮೊದಲೇ ಹೋಗಿ, ಮೆಲುಕು ಹಾಕುತ್ತ ನಿಂತಿದ್ದಿರಿ.

ಮಾನ್ಯರೇ, ನನಗೆ ನಾಚಿಕೆಯಾಯಿತು. ಮೂರು ತಾಲ್ಲೂಕಿನ ಹೊಲ ಅಳೆದವನು ತನ್ನ ಮೂವತ್ತು ನಲವತ್ತರ ಪ್ಲಾಟನ್ನು ಅಳೆಯದೆ ಕೊಂಡಿದ್ದ. ದೀಪದ ಬುಡದಲ್ಲಿ ಕತ್ತಲೆ ಎಂದರೆ ಇದೇ. ಇನ್ನೂ ಒಂದು ಮಾತು ಒಪ್ಪಿಕೊಳ್ಳಬೇಕು. ಕೊಳ್ಳುವ ದಿನ ನಕಾಶೆ ನೋಡಬೇಕೆಂದು ಒಮ್ಮೆ ಮನಸ್ಸಿಗೆ ಬಂದಿತ್ತು. ಮೂವತ್ತನಾಲ್ಕು ವರ್ಷ ಬಾಡಿಗೆಯ ಖೋಲಿಗಳಲ್ಲಿ ಕಳೆದವನಿಗೆ ಮೂಲೆಯ ಪ್ಲಾಟು, ಸ್ವಂತ ಮನೆ ಎಂದ ಕೂಡಲೇ ಟ್ರಂಕು ತೆಗೆಯುವ ಧೈರ್ಯವಾಗಲಿಲ್ಲ. ಮೈಮುನಬಿ ಬಾಗಿಲಲ್ಲಿ ನಿಂತು ಎಲ್ಲವನ್ನೂ ನೋಡಿ, “ಊರ ಮಂದಿ ಹೊಲ ಅಳದ್ರಿ, ನಿಮ್ಮ ಕುರ್ಚಿ ಅಳೀಲಿಲ್ಲ” ಎಂದು ಒಳಗೆ ಹೋದಳು. ಮೂರನೇ ದಿನ ಬೆಳಿಗ್ಗೆ ನಾನೇ ಗೇಟು ತೆರೆದು ತಮ್ಮನ್ನು ಬೀಳ್ಕೊಟ್ಟೆ.

ಇಲ್ಲಿಯವರೆಗಿನದು ತಮ್ಮ ಮೇಲಿನ ತಕರಾರು. ಮುಂದಿನದು ತಮ್ಮ ಬೆನ್ನ ಹಿಂದೆ ನಡೆದದ್ದು. ತಾವು ಹೋದ ಹದಿನೈದು ದಿನಕ್ಕೆ ಮೆಟ್ರೊ ಸಿಟಿಯ ಒಡೆಯರಾದ ಶ್ರೀ ಭೀಮೇಶ ಅವರು ಬಿಳಿ ಕಾರಿನಲ್ಲಿ ಬಂದರು. ಪ್ಲಾಟುಗಳಲ್ಲಿ ಹಿಕ್ಕೆ ಬಿದ್ದಿರುವ ಫೋಟೊ ಯಾರೋ ಮಾಲಕರ ಗ್ರೂಪಿಗೆ ಹಾಕಿದ್ದರಂತೆ, ಹುಬ್ಬಳ್ಳಿಯಲ್ಲಿ ರೇಟು ಬಿದ್ದುಹೋಯಿತಂತೆ. ಸುತ್ತಲೂ ಆರು ಫೂಟಿನ ಗೋಡೆ ಎತ್ತಿ, ಮೇಲೆ ಗಾಜು ನೆಟ್ಟು, ನನ್ನ ಮೂಲೆಯನ್ನು ಕಾಯಂ ಮುಚ್ಚಿಬಿಡುವುದಾಗಿ ಹೇಳಿ ಒಂದು ಕಾಗದ ಮುಂದಿಟ್ಟರು. “ಸಾಹೇಬ್ರ, ಮೋಜಣಿದಾರ ಅಂದ್ರ ನಿಮ್ಮ ಸಹಿಗಿ ಭಾಳ ವಜನ ಐತ್ರಿ. ಇಲ್ಲಿ ದಾರಿ ಅನ್ನೂದ ಇರಲೇ ಇಲ್ಲ ಅಂತ ಒಂದ ಸಾಲಿನ ಕೆಳಗ ಸಹಿ ಮಾಡ್ರಿ. ನಿಮ್ಮ ಮನೀನೂ ಉಳೀತು. ಮರುದಿನಾನ ನಿಮಗ ನಳ ಕೊಡಸ್ತೀನಿ.”

ಸುಳ್ಳು ಹೇಳುವುದಿಲ್ಲ, ಪೆನ್ನು ತೆಗೆದೆ. ದಿನಕ್ಕೆ ಆರು ಸಲ ಕೊಡ ಹೊರುವ ಅರವತ್ತರ ಹೆಂಗಸು ಒಳಗಿದ್ದಾಳೆ. ಪಡಸಾಲೆ ಹೋದರೆ ಈ ಮನೆಯಲ್ಲಿ ಉಳಿಯುವುದು ಒಂದು ಖೋಲಿ ಮತ್ತು ಒಂದು ಒಲೆ. ನನ್ನ ಪಿಂಚಣಿ, ನನ್ನ ಗಂಟು, ನನ್ನ ಹೆಸರು ಎಲ್ಲ ಈ ಗೋಡೆಗಳಲ್ಲಿದೆ. ಕೇಳಿದರೆ ಬೇಡವೆನ್ನಲಾರಳು ಎಂಬ ಧೈರ್ಯದಿಂದ ಮೈಮುನಬಿಯನ್ನು ಕರೆದು ನಳದ ಸಂಗತಿ ಹೇಳಿದೆ. ಅವಳು ಕಾಗದ ನೋಡಲಿಲ್ಲ, ನನ್ನ ಮುಖ ನೋಡಿದಳು. “ನಳ ಬೇಕ್ರಿ ನನಗ. ಖರೇನ ಬೇಕು, ರಟ್ಟಿ ಸೋತಾವು. ಆದ್ರ ಹುಚ್ಚವ್ವನ ಮಂದೀನ ಲಾರಿ ಬಾಯಾಗ ದೂಡಿ ಬಂದ ನೀರ ನನ್ನ ಗಂಟಲದಾಗ ಇಳಿಯೂದಿಲ್ಲ.” ಇಷ್ಟು ಹೇಳಿ, ಖಾಲಿ ಕೊಡ ಎತ್ತಿಕೊಂಡು ಕೈಪಂಪಿನ ಕಡೆ ನಡೆದಳು.

ಆ ಕಾಗದದ ಮೇಲೆ ನಾನು ಹೀಗೆ ಬರೆದೆ: ‘ದಾರಿ ಇದೆ. ಅಗಲ ಎಂಟಾಣೆ. ಅದರಲ್ಲಿ ನನ್ನ ಮನೆಯೂ ಇದೆ.’ ಕೆಳಗೆ ಸಹಿ ಮಾಡಿ ಭೀಮೇಶರ ಕೈಗೆ ಕೊಟ್ಟೆ; ಅದನ್ನೇ ಇನ್ನೊಂದು ಹಾಳೆಯಲ್ಲಿ ಬರೆದು, ನಕಾಶೆಯ ಪ್ರತಿ ಲಗತ್ತಿಸಿ, ಮರುದಿನ ಸಂಬಂಧಪಟ್ಟ ಕಚೇರಿಗೂ ಕೊಟ್ಟೆ. ಭೀಮೇಶರು ಬಿಳಿ ಕಾರನ್ನು ಹಿಂದಕ್ಕೆ ತೆಗೆದ ರಭಸಕ್ಕೆ ಒಂದು ಆನೆಯ ಸೊಂಡಿಲು ಮುರಿಯಿತು.

ಇನ್ನು ತಮ್ಮಲ್ಲಿ ಕೆಲವು ಕೋರಿಕೆಗಳಿವೆ. ಮೊದಲನೆಯದು, ತಾವು ದಯಮಾಡಿ ನಮ್ಮ ಮಹಾನಗರಗಳ ಯೋಜನಾಧಿಕಾರಿಗಳ ಹುದ್ದೆಗೆ ಅರ್ಜಿ ಹಾಕಬೇಕು. ದೊಡ್ಡ ಪದವಿ ಪಡೆದವರು ಕಂಪ್ಯೂಟರಿನಲ್ಲಿ ಕಾಣದ್ದನ್ನು ತಾವು ಗೊರಸಿನಲ್ಲಿ ಕಾಣುತ್ತೀರಿ. ಹಳ್ಳದ ಒಡಲಲ್ಲಿ ತಾವು ಎಂದೂ ಮಲಗುವುದಿಲ್ಲ. ಹಳ್ಳ ಒಂದು ದಿನ ಬರುತ್ತದೆಂದು ತಮಗೆ ಗೊತ್ತು. ಕೆರೆ ಮುಚ್ಚಿ ಅದರ ಮೇಲೆ ಬಸ್ ನಿಲ್ದಾಣ ಕಟ್ಟಿದ ಕುರಿಯನ್ನು ಯಾರೂ ಕಂಡಿಲ್ಲ. ನಿಲ್ಲಲು ಬೇಕಾದಷ್ಟೇ ನೆಲ ಹಿಡಿಯುತ್ತೀರಿ, ಮೇಯದ ಹೊಲಕ್ಕೆ ಬೇಲಿ ಹಾಕಿ ರೇಟಿಗೆ ಕಾಯುವುದಿಲ್ಲ, ಹೋದಲ್ಲೆಲ್ಲ ಭೂಮಿಗೆ ಏನಾದರೂ ಕೊಟ್ಟೇ ಮುಂದೆ ಸಾಗುತ್ತೀರಿ. ಬೆಂಗಳೂರಿಗೆ ಒಮ್ಮೆ ಹೋಗಿ, ಅಲ್ಲಿ ಮಳೆ ಬಂದಾಗ ದೋಣಿಯಲ್ಲಿ ಓಡಾಡುವ ಬಡಾವಣೆಗಳಿಗೆ ಮೂರು ಮೂರು ಗುದ್ದು ಕೊಟ್ಟು ಬಂದರೆ ನಾಡು ತಮಗೆ ಋಣಿಯಾಗಿರುತ್ತದೆ. ಎರಡನೆಯದು, ನಮ್ಮ ಪ್ಲಾಟು ಮಾಲಕರ ಸಂಘದ ಸಭೆಗೆ ತಾವು ಅಧ್ಯಕ್ಷರಾಗಿ ಬರಬೇಕು. ನೂರಾ ಹನ್ನೊಂದು ಸದಸ್ಯರಲ್ಲಿ ಈ ನೆಲವನ್ನು ಕಾಲಿಂದ ತುಳಿದು ನೋಡಿದವರು ಒಬ್ಬರೂ ಇಲ್ಲ, ಆದ್ದರಿಂದ ತಮ್ಮ ಎದುರು ಯಾರೂ ಸ್ಪರ್ಧಿಸುವಂತಿಲ್ಲ. ಮೂರನೆಯದನ್ನು ನಾನು ಕೇಳುತ್ತಿಲ್ಲ, ಮೈಮುನಬಿ ಕೇಳುತ್ತಿದ್ದಾಳೆ: ಮರಳಿ ಬರುವಾಗ ಎರಡು ದಿನವಲ್ಲ, ನಾಲ್ಕು ದಿನ ಇದ್ದು ಹೋಗಬೇಕಂತೆ.

ಕೊನೆಯದಾಗಿ ತಮಗೆ ತಿಳಿಸಬೇಕಾದದ್ದು. ದಾರಿ ಬಿಡಿಸಿಕೊಡಲು ಕಚೇರಿಯಿಂದ ಈವರೆಗೆ ಯಾರೂ ಬಂದಿಲ್ಲ, ಬರುವ ಸೂಚನೆಯೂ ಇಲ್ಲ. ಅವರು ಬರುವವರೆಗೆ ಕಾದರೆ ತಮ್ಮ ಮರಿಗಳಿಗೆ ಮೊಮ್ಮಕ್ಕಳಾಗುತ್ತವೆ. ಮೊನ್ನೆ ಗೋಡೆ ಕೆಲಸದ ಗವಂಡಿ ಸಾಜೀದನನ್ನು ಕರೆಸಿ, ಸುಣ್ಣದಿಂದ ನಾನೇ ಗೆರೆ ಎಳೆದು ಕೊಟ್ಟೆ. ಅವನು ಎರಡು ಸಲ ಕೇಳಿದ, “ಚಾಚಾ, ಖರೇನ ಒಡೀಲ್ಯಾ?” ಕಂಪೌಂಡು ಒಂದು ತಾಸಿನಲ್ಲಿ ಬಿತ್ತು. ಕಟ್ಟೆ, ಮೆಟ್ಟಿಲುಗಳಿಗೆ ಮಧ್ಯಾಹ್ನವಾಯಿತು. ಪಡಸಾಲೆಯ ಗೋಡೆಗೆ ಮೊದಲ ಏಟು ಬಿದ್ದಾಗ ನಾನು ಅಲ್ಲಿ ನಿಲ್ಲಲಾರದೆ ಹಿತ್ತಲಿಗೆ ಹೋಗಿ ಕೂತೆ, ಮೈಮುನಬಿಯೂ ಬಂದು ಪಕ್ಕದಲ್ಲಿ ಕೂತಳು. ಸಂಜೆ ಎದ್ದು ಬಂದು ಅಳೆದೆ; ಹದಿನಾರೂವರೆ ಫೂಟು ಸರಿಯಾಗಿದೆ, ಒಂದು ಬೆರಳೂ ಕಡಿಮೆಯಿಲ್ಲ. ಮಳೆ ಬಿದ್ದು ತಾವು ಮರಳಿ ಬರುವಾಗ ಗುದ್ದಲಿಕ್ಕೆ ಗೇಟು ಇರುವುದಿಲ್ಲ, ಹಾರಲಿಕ್ಕೆ ಗೋಡೆ ಇರುವುದಿಲ್ಲ. ಮರಿಗಳನ್ನು ಮುಂದೆ ಬಿಟ್ಟು ನಿಧಾನವಾಗಿ ನಡೆಯಿರಿ.

ಗುದ್ದು ತಿಂದು ಬುದ್ಧಿ ಕಲಿತ
ತಮ್ಮ ವಿಶ್ವಾಸಿ,
ಅಬ್ದುಲಗನಿ
ನಿವೃತ್ತ ಮೋಜಣಿದಾರ, ಮಾಜಿ ಅತಿಕ್ರಮಣಕಾರ
ಪ್ಲಾಟ್ ನಂಬರ್ ನಲವತ್ತೊಂದು (ಉಳಿದಷ್ಟು)

ತಾ.ಕ.: ಐರಾವತ ಮೆಟ್ರೊ ಸಿಟಿಯ ಎರಡನೇ ಹಂತದ ಬಣ್ಣದ ಪತ್ರಿಕೆ ನಿನ್ನೆ ಕೈಗೆ ಬಂತು. ಆಚೆಯ ಹೊಲಗಳಲ್ಲೇ, ತಮ್ಮ ದಾರಿಗೇ ಎದುರಾಗಿ ಬರಲಿದೆ. ಮುಖಪುಟದ ಮೇಲೆ ‘ನಿಸರ್ಗದ ಮಡಿಲಲ್ಲಿ’ ಎಂದು ಬರೆದು ತಮ್ಮದೇ ಫೋಟೊ ಹಾಕಿದ್ದಾರೆ, ಕೊಂಬುಗಳು ಚೆನ್ನಾಗಿ ಬಂದಿವೆ. ಅಲ್ಲಿ ದಾರಿಯೇ ಇರಲಿಲ್ಲವೆಂದು ಸಹಿ ಮಾಡಲು ಇನ್ನೊಬ್ಬ ನಿವೃತ್ತ ಮೋಜಣಿದಾರರು ಸಿಕ್ಕಿದ್ದಾರಂತೆ, ಅವರಿಗೆ ಅಲ್ಲೇ ಹದಿನೇಳನೇ ನಂಬರಿನ ಪ್ಲಾಟು ಕೊಟ್ಟಿದ್ದಾರಂತೆ. ನಕಾಶೆ ಹಾಕಿ ನೋಡಿದೆ. ಮನೆ ಕಟ್ಟಿದರೆ ಅವರ ಅಡಿಗೆಮನೆ ನೇರವಾಗಿ ತಮ್ಮ ದಾರಿಯಲ್ಲಿ ಬರುತ್ತದೆ. ಆ ಕಡೆ ಹೋಗುವಾಗ ದಯವಿಟ್ಟು ಊಟದ ಹೊತ್ತಿಗೆ ಹೋಗಬೇಕೆಂದು ವಿನಂತಿ.